ಕ್ಯಾಲಿಫೋರ್ನಿಯಾ ದಾಟದ ಪ್ರಶಸ್ತಿ

ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ 1969ರಲ್ಲಿ ಪುರುಷರ ವಾಟರ್ ಪೋಲೊಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಶುರು ಮಾಡಿತು. ಮೊದಲ ಫೈನಲ್‌ನಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತಂಡ ಬರ್ಕ್ಲಿಯ ‘ಕ್ಯಾಲ್’ ತಂಡವನ್ನು 5–2ರಿಂದ ಮಣಿಸಿತು. ಎರಡೂ ಕ್ಯಾಲಿಫೋರ್ನಿಯಾದವೇ. ಅರ್ಧ ಶತಮಾನ ಕಳೆದರೂ ಬೇರೆ ರಾಜ್ಯದ ಕಾಲೇಜೊಂದು ಈ ಪ್ರಶಸ್ತಿ ಗೆದ್ದ ಉದಾಹರಣೆಯೇ ಇಲ್ಲ.

ದಡದಲ್ಲಿ ಕೂತು ನೋಡುವವರಿಗೆ ಈ ಆಟದ ಅರ್ಧವಷ್ಟೇ ಕಾಣುತ್ತದೆ. ಗೋಲ್‌ಕೀಪರ್ ಸೇರಿ ತಂಡಕ್ಕೆ ಏಳು ಮಂದಿ, ಎಂಟೆಂಟು ನಿಮಿಷದ ನಾಲ್ಕು ಅವಧಿ. ಕೊಳದ ತಳಕ್ಕೆ ಕಾಲೂರುವಂತಿಲ್ಲ. ಗೋಲ್‌ಕೀಪರ್ ಬಿಟ್ಟು ಉಳಿದವರು ಚೆಂಡನ್ನು ಒಂದೇ ಕೈಯಲ್ಲಿ ಆಡಬೇಕು. ಹಾಗಿದ್ದೂ ಆಟಗಾರ ಸೊಂಟದವರೆಗೆ ನೀರಿನಿಂದ ಮೇಲೆದ್ದು ಗೋಲಿಗೆ ಎಸೆಯುತ್ತಾನೆ. ಆ ಬಲ ಬರುವುದು ‘ಎಗ್‌ಬೀಟರ್ ಕಿಕ್’ನಿಂದ. ಮೊಸರಿನಲ್ಲಿ ಕಡೆಗೋಲು ಆಡಿದಂತೆ ಎರಡೂ ಕಾಲುಗಳು ಒಂದಾದ ಮೇಲೊಂದು ಮೊಣಕಾಲಿನಿಂದ ಕೆಳಗೆ ಸುತ್ತುತ್ತಲೇ ಇರುತ್ತವೆ. ಪಂದ್ಯ ಮುಗಿಯುವ ತನಕ ಅವಕ್ಕೆ ಬಿಡುವಿಲ್ಲ.

ಗೋಲಿನ ಎದುರು ನಿಲ್ಲುವ ಸೆಂಟರ್ ಆಟಗಾರನ ಪಾಡು ಇನ್ನೂ ಕಷ್ಟ. ಬೆನ್ನಿಗೆ ಅಂಟಿಕೊಂಡ ಎದುರಾಳಿ ತಳ್ಳುತ್ತಾನೆ, ಎಳೆಯುತ್ತಾನೆ, ನೀರಿಗೆ ಅದುಮುತ್ತಾನೆ. ಅಷ್ಟರ ನಡುವೆ ಚೆಂಡು ಹಿಡಿದು ತಿರುಗಬೇಕು. ಇಂಥ ಕುಸ್ತಿಯಲ್ಲಿ ಮೈ ಪರಚದಿರಲೆಂದು ಪಂದ್ಯಕ್ಕೆ ಮುನ್ನ ರೆಫರಿಗಳು ಆಟಗಾರರ ಉಗುರು ನೋಡುತ್ತಾರೆ. ಟೋಪಿಗೆ ಕಿವಿ ಕಾಯುವ ಪ್ಲಾಸ್ಟಿಕ್ ಕವಚವೂ ಇರುತ್ತದೆ. ದೊಡ್ಡ ಫೌಲ್ ಮಾಡಿದವನು 20 ಸೆಕೆಂಡ್ ಆಟದಿಂದ ಹೊರಗೆ. ಮೂರು ಸಲ ಹಾಗಾದರೆ ಆ ಪಂದ್ಯವೇ ಅವನ ಪಾಲಿಗೆ ಮುಗಿಯಿತು.

ಈ ಆಟದ ತಂಡ ಕಟ್ಟುವ ಕಾಲೇಜುಗಳೇ ಕಡಿಮೆ. ಆದ್ದರಿಂದ ಕಾಲೇಜುಗಳನ್ನು ವಿಂಗಡಿಸುವ ಡಿವಿಷನ್‌ಗಳ ಭೇದವಿಲ್ಲದೆ ಎಲ್ಲರಿಗೂ ಒಂದೇ ಚಾಂಪಿಯನ್‌ಷಿಪ್. 2009ರಲ್ಲಿ ಅದು ದೇಶದ ಇನ್ನೊಂದು ತುದಿಯ ಪ್ರಿನ್ಸ್‌ಟನ್‌ನಲ್ಲಿ ನಡೆಯಿತು. ಅಲ್ಲಿಯೂ ಫೈನಲ್ ಆಡಿದ್ದು ಲಾಸ್ ಏಂಜಲೀಸ್‌ನ ಎರಡು ತಂಡಗಳು. ಯುಎಸ್‌ಸಿ 7–6ರಿಂದ ಯುಸಿಎಲ್‌ಎಯನ್ನು ಸೋಲಿಸಿತು. 2008ರಿಂದ 2013ರವರೆಗೆ ಸತತ ಆರು ವರ್ಷ ಯುಎಸ್‌ಸಿಯೇ ಚಾಂಪಿಯನ್. ಒಟ್ಟು ಲೆಕ್ಕದಲ್ಲಿ ಮಾತ್ರ ಕ್ಯಾಲ್ ಮುಂದು: 2023ರ ಗೆಲುವು ಅದರ 17ನೆಯದು. ಅವುಗಳಲ್ಲಿ ಎಂಟು ಬಂದದ್ದು ಕೋಚ್ ಪೀಟ್ ಕುಟಿನೊ ಕಾಲದಲ್ಲಿ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರರಿಗೆ ಇಂದು ಕುಟಿನೊ ಹೆಸರಿನ ಪ್ರಶಸ್ತಿ ಸಲ್ಲುತ್ತದೆ.

ಕ್ಯಾಲಿಫೋರ್ನಿಯಾದ ಈ ಮೇಲುಗೈಯನ್ನು ಬರೀ ಶ್ರೀಮಂತ ಕಾಲೇಜುಗಳ ದರ್ಬಾರು ಎಂದು ತಳ್ಳಿಹಾಕುವುದು ಸರಿಯಲ್ಲ. ಪೂರ್ವದ ಪ್ರಿನ್ಸ್‌ಟನ್‌ಗೇನು ಹಣದ ಕೊರತೆಯೇ? ಕ್ಯಾಲಿಫೋರ್ನಿಯಾದಲ್ಲಿ ವರ್ಷವಿಡೀ ತೆರೆದ ಕೊಳದಲ್ಲಿ ಅಭ್ಯಾಸ ಮಾಡುವಷ್ಟು ಬಿಸಿಲಿದೆ, ವಾಟರ್ ಪೋಲೊ ಅಲ್ಲಿನ ಹೈಸ್ಕೂಲುಗಳ ಅಧಿಕೃತ ಆಟ. ಕಾಲೇಜು ಸೇರುವ ಹುಡುಗ ಆ ಹೊತ್ತಿಗೆ ಎಷ್ಟೋ ವರ್ಷ ನೀರಲ್ಲಿ ಪಳಗಿರುತ್ತಾನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಅಮೆರಿಕ ತಂಡದ ಬಹುತೇಕರು ಇವೇ ಕಾಲೇಜುಗಳಲ್ಲಿ ಆಡಿದವರು.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಎರಡೂ ದೂರವಲ್ಲ. ಸೆಪ್ಟೆಂಬರ್‌ನಿಂದಲೇ ಪಂದ್ಯಗಳು ನಡೆಯುತ್ತವೆ, ಡಿಸೆಂಬರ್ ಆರಂಭದಲ್ಲಿ ಫೈನಲ್. ಈಜು ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.