ಪಾಡ್‌ಕಾಸ್ಟ್ | ‘ಯಾವ ಜನ ಅಂತ ನಾನು ಕೇಳಲ್ಲ’: ಚಿನಕುರಳಿಯ ಆಪ್ತಸಮಾಲೋಚಕಿಯ ಮಾತು

ಪಾಂಡವಪುರ ತಾಲ್ಲೂಕಿನ ಹೋಬಳಿ ಕೇಂದ್ರ ಚಿನಕುರಳಿ. ಅಲ್ಲಿನ ಕಬ್ಬು ಬೆಳೆಯುವ ಮನೆಯ ಮಗಳೊಬ್ಬರು ಈಗ ಆಪ್ತಸಮಾಲೋಚಕಿ. ಮನಸ್ಸಿನ ಕಷ್ಟಕ್ಕೆ ಯಾರ ಬಳಿ ಹೋಗಬೇಕು? ಹೋದರೆ ಜಾತಿ, ಭಾಷೆ, ಬದುಕು ನೋಡಿ ಅಳೆಯುತ್ತಾರಾ? ಕೇಳುಗರು ಕಳಿಸಿದ ಪ್ರಶ್ನೆಗಳನ್ನು ಅವರ ಮುಂದಿಟ್ಟೆವು. ಕುಟುಂಬದ ವಿಷಯ ಇರುವುದರಿಂದ ಹೆಸರು ಬೇಡ ಎಂದರು. ಸಂಚಿಕೆಯ ಆಯ್ದ ಭಾಗದ ಬರಹರೂಪ ಇಲ್ಲಿದೆ.

ನಿರೂಪಕ: ಮೇಡಂ, ಚಿನಕುರಳಿ ಅಂದ್ರೆ ಹಲವರಿಗೆ ಪಟಾಕಿ ನೆನಪಾಗುತ್ತೆ. ನಿಮಗೆ?

ಅತಿಥಿ: (ನಗು) ನನಗೆ ಆಲೆಮನೆ ವಾಸನೆ. ಅಪ್ಪ, ಚಿಕ್ಕಪ್ಪ ಇಬ್ಬರದೂ ಕಬ್ಬು. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆ ಸುದ್ದಿ ಮೇಲಿಂದ ಮೇಲೆ ಬರ್ತಿತ್ತಲ್ಲ, ಆ ವರ್ಷ ನಮ್ಮ ಚಿಕ್ಕಪ್ಪನೂ ಜೀವ ಕಳ್ಕೊಳ್ಳೋಕೆ ಹೋಗಿ ಉಳಿದ್ರು. ಅದಕ್ಕೆ ಮೂರು ತಿಂಗಳ ಮೊದಲೇ ಅವರ ಮಾತು ಕಮ್ಮಿಯಾಗಿತ್ತು, ಊಟ ಸೇರ್ತಿರಲಿಲ್ಲ. ‘ಬಾಕಿ ದುಡ್ಡು ಬಂದ್ರೆ ಸರಿಹೋಯ್ತನೆ ಬುಡು’ ಅಂದ್ಕೊಂಡ್ವಿ. ನಾನೂ ಅಂದ್ಕೊಂಡೆ.

ಮನೆಗೆ ಬಂದ ಮೇಲೆ ನೋಡೋಕೆ ಬಂದವರೆಲ್ಲ ಬುದ್ಧಿ ಹೇಳಿದವರೇ. ‘ಹೆಂಡ್ತಿ ಮಕ್ಳು ನೆನಪಾಗ್ನಿಲ್ವ ನಿಂಗೆ?’ ಕೊನೆಗೆ ಒಬ್ಬ ಆಪ್ತಸಮಾಲೋಚಕರ ಹತ್ರ ಕರ್ಕೊಂಡು ಹೋದೆ. ಅವರು ಕೇಳಿದ್ದು ಇಷ್ಟೆ: ‘ಅಣ್ಣ, ರಾತ್ರಿ ಎಷ್ಟೊತ್ತಿಗೆ ಎಚ್ಚರ ಆಯ್ತದೆ?’ ಆಮೇಲೆ ನನ್ನನ್ನ ಹೊರಗೆ ಕೂರಿಸಿ ಬಾಗಿಲು ಹಾಕಿದ್ರು. ಮುಕ್ಕಾಲು ಗಂಟೆ ಆದ್ಮೇಲೆ ಆಚೆ ಬಂದ ಚಿಕ್ಕಪ್ಪ ‘ಟೀ ಕುಡಿಯವಾ ಬಾ’ ಅಂದ್ರು. ತಿಂಗಳುಗಳಿಂದ ಅವರು ಬಾಯ್ಬಿಟ್ಟು ಏನನ್ನೂ ಕೇಳಿರಲಿಲ್ಲ. ಮೂರು ತಿಂಗಳು ಒಂದೇ ಮನೇಲಿದ್ದು ಆ ಪ್ರಶ್ನೆ ನನಗೆ ಯಾಕೆ ಹೊಳೀಲಿಲ್ಲ ಅನ್ನಿಸ್ತು. ಈ ಕೆಲಸಕ್ಕೆ ಬಂದಿದ್ದು ಹಾಗೆ.

ನಿರೂಪಕ: ಆಗ ಪೊಲೀಸ್ ಕೇಸ್ ಭಯ ಇರಲಿಲ್ವಾ?

ಅತಿಥಿ: ಇತ್ತು. ‘ಅಕಸ್ಮಾತ್ ಆಯ್ತು’ ಅಂತಲೇ ಎಲ್ಲರಿಗೂ ಹೇಳಿದ್ವಿ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ 115ನೇ ಸೆಕ್ಷನ್ ಪ್ರಕಾರ, ಹೀಗೆ ಪ್ರಯತ್ನಪಟ್ಟವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಮೊದಲು ಭಾವಿಸಬೇಕು. ಶಿಕ್ಷೆ ಅಲ್ಲ, ಆರೈಕೆ ಕೊಡಬೇಕು. ಈಗಲೂ ಕೇಸ್ ಆಗುತ್ತೆ ಅಂತ ಹೆದರಿ ಚಿಕಿತ್ಸೆ ತಡ ಮಾಡೋರಿದ್ದಾರೆ. ದಯವಿಟ್ಟು ತಡ ಮಾಡಬೇಡಿ.

ನಿರೂಪಕ: ಮನೋವೈದ್ಯರು, ಆಪ್ತಸಮಾಲೋಚಕರು, ಇಬ್ಬರೂ ಒಂದೇನಾ?

ಅತಿಥಿ: ಅಲ್ಲ. ಮನೋವೈದ್ಯರು ಎಂಬಿಬಿಎಸ್ ಆದ ಮೇಲೆ ಮನೋರೋಗ ಚಿಕಿತ್ಸೆ ಓದಿದವರು, ಮಾತ್ರೆ ಬರೆಯೋರು. ನಾನು ಮಾತ್ರೆ ಬರೆಯೋ ಹಾಗಿಲ್ಲ. ನನ್ನದು ಕೇಳಿಸ್ಕೊಳ್ಳೋದು, ದಾರಿ ಹುಡುಕೋಕೆ ಜೊತೆ ಇರೋದು. ಮಾತ್ರೆ ಬೇಕು ಅನ್ನಿಸಿದ್ರೆ ವೈದ್ಯರ ಹತ್ರ ಕಳಿಸ್ತೀನಿ.

ನಾನು ಓದಿದ ಪಠ್ಯಗಳೆಲ್ಲ ಇಂಗ್ಲಿಷ್‌ನಲ್ಲಿದ್ದವು. ಕನ್ನಡದಲ್ಲಿ ಕೈ ಹಿಡಿದಿದ್ದು ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. ಆಮೇಲೆ ಬೆಂಗಳೂರಲ್ಲಿ ‘ಸಮಾಧಾನ’ ಅಂತ ಉಚಿತ ಆಪ್ತಸಮಾಲೋಚನಾ ಕೇಂದ್ರ ನಡೆಸಿದ್ರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಜನರ ಮಾತಲ್ಲೇ ಮನಸ್ಸಿನ ವಿಷಯ ಹೇಳಬಹುದು ಅಂತ ತೋರಿಸಿದವರು. ನಮ್ಮ ಕಡೆ ಯಾರೂ ‘ಡಿಪ್ರೆಶನ್’ ಅಂತ ಬರಲ್ಲ. ‘ಎದೆ ಡವಡವ ಅಂತದೆ, ತಲೆ ಗುಂಯ್ ಅಂತದೆ, ಕೈಕಾಲೆಲ್ಲ ಸೋತೋಯ್ತವೆ’ ಅಂತಾರೆ. ಆ ಮಾತನ್ನ ನಾನು ತಿದ್ದಲ್ಲ.

ನಿರೂಪಕ: ಜಾತಿ ಕೇಳ್ತೀರಾ ಅಂತ ಒಬ್ಬ ಕೇಳುಗರ ಪ್ರಶ್ನೆ.

ಅತಿಥಿ: ‘ನೀವು ಯಾವ ಜನ’ ಅಂದ್ರೆ ನಮ್ಮ ಕಡೆ ಜಾತಿ ಕೇಳಿದ ಹಾಗೆ. ನಾನು ಕೇಳಲ್ಲ. ಆದ್ರೆ ಶುರುವಿನಲ್ಲಿ ಒಂದು ತಪ್ಪು ಮಾಡಿದೆ. (ಗುರುತು ಸಿಗದ ಹಾಗೆ ಹೇಳ್ತೀನಿ.) ಹಾಸ್ಟೆಲ್‌ನಲ್ಲಿ ತನ್ನ ತಟ್ಟೆ ಬೇರೆ ಇಡ್ತಾರೆ ಅಂತ ಒಬ್ಬ ಹುಡುಗ ಹೇಳಿದ. ‘ಅದನ್ನೇ ಯೋಚನೆ ಮಾಡಬೇಡ, ಓದಿನ ಕಡೆ ಗಮನ ಕೊಡು’ ಅಂದೆ. ಅವನು ತಲೆ ಆಡಿಸಿ ಹೋದ, ಮತ್ತೆ ಬರಲಿಲ್ಲ. ಜಾತಿ ಕೇಳದೆ ಇರೋದು ಬೇರೆ, ಜಾತಿಯಿಂದ ಆದ ನೋವು ಕೇಳಿಸ್ಕೊಳ್ಳದೆ ಇರೋದು ಬೇರೆ. ಅವನ ನಿದ್ದೆ ಕೆಡಿಸಿದ್ದು ಆ ತಟ್ಟೆ. ನಾನು ಅವನ ಯೋಚನೆಯನ್ನೇ ಕಾಯಿಲೆ ಮಾಡಿದೆ.

ನಿರೂಪಕ: ಮಗನನ್ನ ‘ಸರಿ ಮಾಡಿ’ ಅಂತ ಕರ್ಕೊಂಡು ಬರೋ ತಂದೆತಾಯಿ?

ಅತಿಥಿ: ಬರ್ತಾರೆ. ಗಂಡು ಗಂಡನ್ನೇ ಇಷ್ಟಪಡೋದು ಕಾಯಿಲೆ ಅಲ್ಲ ಅಂತ ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಹೇಳಿದೆ. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅದನ್ನ ಅಪರಾಧದ ಪಟ್ಟಿಯಿಂದ ತೆಗೀತು. ‘ಬದಲಾಯಿಸ್ತೀನಿ’ ಅಂತ ಚಿಕಿತ್ಸೆ ಕೊಡೋದು ವೈದ್ಯರಿಗೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಜಾತಿ, ಧರ್ಮ, ಲಿಂಗ, ಲೈಂಗಿಕ ಒಲವು ನೋಡಿ ಚಿಕಿತ್ಸೆಯಲ್ಲಿ ಭೇದ ಮಾಡೋ ಹಾಗಿಲ್ಲ ಅಂತ 2017ರ ಕಾಯ್ದೆಯ 21ನೇ ಸೆಕ್ಷನ್ ಇದೆ. ಆದ್ರೆ ಕಣ್ಣೀರು ಹಾಕ್ತಿರೋ ತಾಯಿ ಮುಂದೆ ಸೆಕ್ಷನ್ ಓದಿದ್ರೆ ಪ್ರಯೋಜನ ಇಲ್ಲ. ‘ಅವ್ವಾ, ನಿಮಗೆ ಯಾವುದರ ಭಯ?’ ಅಂತೀನಿ. ಬಹಳ ಸಲ ಅದು ‘ಊರವರು ಏನಂದಾರು’ ಅನ್ನೋ ಭಯ. ಅದಕ್ಕೆ ಮದ್ದು ಬೇಕಾಗಿರೋದು ಮಗನಿಗಲ್ಲ.

ನಿರೂಪಕ: ದೇವರ ಹತ್ರ ಹೋಗ್ಬೇಡಿ ಅಂತೀರಾ?

ಅತಿಥಿ: ಇಲ್ಲಪ್ಪ! ಹರಕೆ ಹೊತ್ತವರನ್ನ ಬೈದ್ರೆ ಅವರು ದೇವಸ್ಥಾನ ಬಿಡಲ್ಲ, ನನ್ನನ್ನ ಬಿಡ್ತಾರೆ. ಹೋಗಿ ಬನ್ನಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಅಂತೀನಿ.

ನಿರೂಪಕ: ಹೇಳಿದ್ದು ಹೊರಗೆ ಹೋಗಲ್ಲ ಅನ್ನೋ ಖಾತ್ರಿ?

ಅತಿಥಿ: ಹೋಗಲ್ಲ. ಆದ್ರೆ ನಿಮ್ಮದೋ ಇನ್ನೊಬ್ಬರದೋ ಜೀವಕ್ಕೆ ಅಪಾಯ ಅಂತ ಕಂಡ್ರೆ ಬೇಕಾದವರಿಗೆ ತಿಳಿಸ್ತೀನಿ. ಇದನ್ನ ಮೊದಲ ದಿನವೇ ಹೇಳಿಬಿಡ್ತೀನಿ.

ನಿರೂಪಕ: ಚಿಕ್ಕಪ್ಪ ಈಗ ಹೇಗಿದ್ದಾರೆ?

ಅತಿಥಿ: ಕಬ್ಬು ಕಮ್ಮಿ ಮಾಡಿ ಎರಡು ಹಸು ಕಟ್ಟಿದ್ದಾರೆ. ಸಾಲ ಪೂರ್ತಿ ತೀರಿಲ್ಲ. ಪಕ್ಕದ ಜಮೀನಿನವರು ಸಪ್ಪಗಿದ್ರೆ ಈಗ ಅವರೇ ಹೋಗಿ ಕೇಳ್ತಾರೆ: ‘ರಾತ್ರಿ ನಿದ್ದೆ ಬತ್ತದಾ?’

*ನಿಮಗೋ ನಿಮ್ಮವರಿಗೋ ಬದುಕು ಸಾಕೆನಿಸುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಸೇವೆ ಇದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.*