ಹೆಡ್ (ಯುನಿಕ್ಸ್ ಆದೇಶ)

ಹೆಡ್ ಎಂಬುದು ಯುನಿಕ್ಸ್ ಹಾಗೂ ಲಿನಕ್ಸ್, ಮ್ಯಾಕ್‌ಓಎಸ್ ಮೊದಲಾದ ಯುನಿಕ್ಸ್ ಮಾದರಿಯ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಪಠ್ಯಕಡತದ ಆರಂಭದ ಭಾಗವನ್ನು ತೆರೆಯ ಮೇಲೆ ತೋರಿಸುವ ಆದೇಶ. ಬೇರೆ ಸೂಚನೆ ಇಲ್ಲದಿದ್ದರೆ ಇದು ಮೊದಲ 10 ಸಾಲುಗಳನ್ನು ತೋರಿಸುತ್ತದೆ. ಕಡತದ ಕೊನೆಯ ಭಾಗವನ್ನು ತೋರಿಸುವ ಆದೇಶಕ್ಕೆ ಟೇಲ್ ಎಂದು ಹೆಸರು. ಅಂದರೆ ಒಂದು ತಲೆ, ಇನ್ನೊಂದು ಬಾಲ.

ಇತಿಹಾಸ

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಬಿಲ್ ಜಾಯ್ ಇದನ್ನು ರಚಿಸಿದರು. ಮೂಲ ಕ್ರಮವಿಧಿಯ ಟಿಪ್ಪಣಿಯಲ್ಲಿ ಅವರ ಹೆಸರಿನೊಂದಿಗೆ 1977ರ ಆಗಸ್ಟ್ 24 ಎಂಬ ದಿನಾಂಕವಿದೆ. ಸೆಡ್ ಎಂಬ ಆದೇಶಕ್ಕೆ ಹತ್ತನೆಯ ಸಾಲಿನ ಬಳಿಕ ನಿಲ್ಲುವಂತೆ ಸೂಚಿಸಿದರೂ ಇದೇ ಫಲ ದೊರೆಯುತ್ತದೆ. ಆದರೆ ಹೊಸಬರಿಗೆ ಹೆಡ್ ಎಂಬ ಹೆಸರೇ ನೆನಪಿನಲ್ಲಿ ಉಳಿಯುವಂಥದು.

ಬಳಕೆ

ಎಚ್, ಇ, ಎ, ಡಿ ಎಂಬ ನಾಲ್ಕು ಇಂಗ್ಲಿಷ್ ಸಣ್ಣಕ್ಷರಗಳನ್ನು ಟೈಪಿಸಿ, ಒಂದು ತೆರಪು ಬಿಟ್ಟು ಕಡತದ ಹೆಸರನ್ನು ಬರೆಯಬೇಕು. ಸಾಲುಗಳ ಸಂಖ್ಯೆಯನ್ನು ಬದಲಿಸಲು ನಡುವೆ ‘-ಎನ್ 5’ ಎಂಬಂತೆ ಆಯ್ಕೆಯನ್ನು ಸೇರಿಸಲಾಗುತ್ತದೆ (ಎನ್ ಇಲ್ಲಿ ಇಂಗ್ಲಿಷ್ ಸಣ್ಣಕ್ಷರ). ಗ್ನೂ ಆವೃತ್ತಿಯಲ್ಲಿ ಸಂಖ್ಯೆಯ ಹಿಂದೆ ಋಣಚಿಹ್ನೆ ಇಟ್ಟರೆ ಕೊನೆಯ ಅಷ್ಟು ಸಾಲುಗಳನ್ನು ಬಿಟ್ಟು ಉಳಿದೆಲ್ಲವೂ ಕಾಣುತ್ತವೆ. ಹಲವು ಕಡತಗಳನ್ನು ಒಟ್ಟಿಗೆ ಕೊಟ್ಟಾಗ ಪ್ರತಿಯೊಂದರ ಹೆಸರೂ ಶೀರ್ಷಿಕೆಯಾಗಿ ಮೂಡುತ್ತದೆ.

ಬೇಕಾದಷ್ಟು ಸಾಲುಗಳು ದೊರೆತ ಕೂಡಲೇ ಹೆಡ್ ಓದುವುದನ್ನು ನಿಲ್ಲಿಸುತ್ತದೆ. ಆದುದರಿಂದ ಲಕ್ಷಾಂತರ ಸಾಲುಗಳ ಕಡತವಾದರೂ ಉತ್ತರ ಕ್ಷಣದಲ್ಲಿ ಬರುತ್ತದೆ. ದೊಡ್ಡ ದತ್ತಾಂಶ ಕಡತದಲ್ಲಿ ಯಾವ ಯಾವ ಕಂಬಸಾಲುಗಳಿವೆ ಎಂದು ಅರಿಯಲು ಮೊದಲ ಸಾಲನ್ನು ನೋಡಿದರೆ ಸಾಕಾಗುವುದುಂಟು. ಹಾಗೆಂದು ಇದರ ‘ಸಾಲು’ ತೆರೆಯ ಮೇಲಿನ ಸಾಲಲ್ಲ. ಒಂದು ಸಾಲುಮುರಿತದಿಂದ ಇನ್ನೊಂದರವರೆಗಿನ ಪಠ್ಯ. ಪರಿಚ್ಛೇದವಿಡೀ ಒಂದೇ ಸಾಲಾಗಿ ಉಳಿಸಿದ ಕಡತದಲ್ಲಿ ಹತ್ತು ಸಾಲುಗಳೆಂದರೆ ಹತ್ತು ಪರಿಚ್ಛೇದಗಳು.

ಕನ್ನಡ ಪಠ್ಯ ಮತ್ತು ಬೈಟ್ ಎಣಿಕೆ

‘-ಸಿ’ ಆಯ್ಕೆಯು ಸಾಲುಗಳ ಬದಲು ಬೈಟ್‌ಗಳನ್ನು ಎಣಿಸುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಒಂದು ಬೈಟ್ ಆಗುವುದರಿಂದ ತೊಡಕಿಲ್ಲ. ಯುಟಿಎಫ್-8 ಸಂಕೇತ ಪದ್ಧತಿಯಲ್ಲಾದರೋ ಕನ್ನಡದ ಪ್ರತಿಯೊಂದು ಸಂಕೇತಬಿಂದುವೂ 3 ಬೈಟ್‌ಗಳನ್ನು ಬೇಡುತ್ತದೆ. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ ಮೂರಕ್ಷರ. ಗಣಕಕ್ಕೆ ಅದು ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಬಿಂದುಗಳು, ಅಂದರೆ 15 ಬೈಟ್‌ಗಳು. ಮೊದಲ 9 ಬೈಟ್‌ಗಳನ್ನು ಕೇಳಿದರೆ ‘ಕನ್’ ದೊರೆಯುತ್ತದೆ. 10 ಕೇಳಿದರೆ ಎರಡನೆಯ ನಕಾರದ ಒಂದು ತುಣುಕು ಮಾತ್ರ ಅಂಟಿಕೊಂಡು ಬಂದು, ಸಾಮಾನ್ಯವಾಗಿ ಪ್ರಶ್ನಾರ್ಥಕ ಚಿಹ್ನೆಯಾಗಿಯೋ ಚೌಕವಾಗಿಯೋ ಕಾಣುತ್ತದೆ. ಕಡತ ಕೆಟ್ಟಿದೆಯೆಂದು ಇದನ್ನು ಕಂಡು ಗಾಬರಿಯಾಗಬೇಕಿಲ್ಲ, ಮೂಲಪಠ್ಯ ಹಾಗೆಯೇ ಇರುತ್ತದೆ. ಕನ್ನಡ ಕಡತಗಳಿಗೆ ಸಾಲುಗಳ ಎಣಿಕೆಯೇ ಕ್ಷೇಮ.

ಎಚ್ಚರಿಕೆ

ಹೆಡ್ ತಾನಾಗಿ ಕಡತವನ್ನು ತಿದ್ದುವುದಿಲ್ಲ. ಆದರೆ ಅದರ ಫಲಿತವನ್ನು ‘>’ ಚಿಹ್ನೆಯ ಮೂಲಕ ಅದೇ ಹೆಸರಿನ ಕಡತಕ್ಕೆ ಕಳುಹಿಸಿದರೆ ಇಡೀ ಕಡತ ಬರಿದಾಗುತ್ತದೆ. ಹೆಡ್ ಓದಲು ತೊಡಗುವ ಮೊದಲೇ ಶೆಲ್ ಆ ಕಡತವನ್ನು ಖಾಲಿ ಮಾಡಿರುವುದೇ ಇದಕ್ಕೆ ಕಾರಣ. ಹೀಗೆ ಹೋದದ್ದು ಕಸದ ಬುಟ್ಟಿಯಲ್ಲಿಯೂ ಸಿಗದು. ಫಲಿತಕ್ಕೆ ಯಾವಾಗಲೂ ಬೇರೆ ಹೆಸರಿಡಬೇಕು.

ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಕಂಟೆಂಟ್ ಆದೇಶವನ್ನು ಟೋಟಲ್‌ಕೌಂಟ್ ಆಯ್ಕೆಯೊಡನೆ ಬಳಸಿ ಇದೇ ಕೆಲಸವನ್ನು ಮಾಡಬಹುದು.