ಕಯಾಕ್‌ನಲ್ಲಿ ಕೂತು ಉಪ್ಪುನೀರಲ್ಲಿ ಗಾಳ ಹಾಕೋ ಆಸೆನಾ? ಟ್ರಿಪ್ ಡೇಟ್ ಫಿಕ್ಸ್ ಮಾಡೋ ಮುಂಚೆ ಇದನ್ನ ಓದಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಕಡೆ ಗೆಳೆಯರ ಟ್ರಿಪ್ ಅಂದ್ರೆ ಗೋಕರ್ಣ, ಮುರುಡೇಶ್ವರ, ಬೀಚಲ್ಲಿ ಫೋಟೊ, ವಾಪಸ್ ಊರು. ಈಗ ರೀಲ್ಸ್ ನೋಡಿ ಹೊಸ ಆಸೆ ಹುಟ್ಟಿದೆ: ಕಯಾಕ್‌ನಲ್ಲಿ ಕೂತು ಸಮುದ್ರದ ನೀರಲ್ಲಿ ಫ್ಲೈ ಫಿಶಿಂಗ್ ಮಾಡೋದು. ಆಸೆ ತಪ್ಪಲ್ಲ. ಆದ್ರೆ ನಾವು ಡ್ಯಾಂ ನೀರು ನೋಡಿ ಬೆಳೆದವರು. ತುಂಗಭದ್ರಾ ಹಿನ್ನೀರು ಏರೋದು ಇಳಿಯೋದು ತಿಂಗಳ ಲೆಕ್ಕ. ನದಿ ಸಮುದ್ರ ಸೇರೋ ಅಳಿವೆಯಲ್ಲಿ ನೀರು ದಿನಕ್ಕೆ ಸುಮಾರು ನಾಲ್ಕು ಸಲ ದಿಕ್ಕು ಬದಲಿಸುತ್ತೆ. ಅದು ಗೊತ್ತಿಲ್ಲದೆ ಇಳಿದ್ರೆ ಜೀವಕ್ಕೇ ಕುತ್ತು.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದ್ರು. ಅವರೂ ನಮ್ಮಂಗೆ ಬಯಲುಸೀಮೆ ಮಕ್ಕಳೇ.

ಫ್ಲೈ ಫಿಶಿಂಗ್ ಅಂದ್ರೇನು?

ನಮ್ಮ ಕಡೆ ಗಾಳಕ್ಕೆ ಎರೆಹುಳ ಇಲ್ಲಾ ಹಿಟ್ಟಿನ ಉಂಡೆ ಸಿಗಿಸಿ ಹಾಕ್ತಾರೆ. ದಾರ ದೂರ ಹೋಗೋಕೆ ಸೀಸದ ಗುಂಡು ಕಟ್ತಾರೆ. ಫ್ಲೈ ಫಿಶಿಂಗಲ್ಲಿ ಎರೆಹುಳನೂ ಇಲ್ಲ, ಸೀಸದ ಗುಂಡೂ ಇಲ್ಲ. ಕೊಕ್ಕೆಗೆ ಪುಕ್ಕ, ನೂಲು ಸುತ್ತಿ ಸಣ್ಣ ಮೀನಿನಂಗೆ, ಸೀಗಡಿಯಂಗೆ ಮಾಡಿರ್ತಾರೆ. ಅದಕ್ಕೆ ತೂಕನೇ ಇರಲ್ಲ. ದಪ್ಪನೆ ದಾರದ ತೂಕವೇ ಅದನ್ನ ದೂರ ಒಯ್ಯುತ್ತೆ. ಅದಕ್ಕೇ ಕೋಲನ್ನ ಹಿಂದಕ್ಕೆ ಮುಂದಕ್ಕೆ ಬೀಸಬೇಕು.

ಇದನ್ನ ಕಲಿಯೋಕೆ ನೀರು ಬೇಕಿಲ್ಲ. ಊರಿನ ಮೈದಾನದಲ್ಲೇ, ಕೊಕ್ಕೆ ಬದಲು ಉಣ್ಣೆ ದಾರದ ತುಂಡು ಕಟ್ಟಿ ತಿಂಗಳು ಪ್ರಾಕ್ಟೀಸ್ ಮಾಡಿ. ಆಮೇಲೆ ನೆಲದ ಮೇಲೆ ಕಾಲು ಚಾಚಿ ಕೂತು ಬೀಸಿ ನೋಡಿ. ಕಯಾಕ್‌ನಲ್ಲಿ ನಿಲ್ಲೋಕಾಗಲ್ಲ, ಕೂತೇ ಬೀಸಬೇಕು.

ಎಲ್ಲಿಗೆ ಹೋಗೋದು?

ಮೊದಲ ಸಲ ತೆರೆದ ಸಮುದ್ರ ಬೇಡವೇ ಬೇಡ. ಅಲೆ ಹೊಡೆಯದ ಅಳಿವೆ ನೋಡ್ಕೊಳ್ಳಿ. ಕಾರವಾರದಲ್ಲಿ ಕಾಳಿ, ಹೊನ್ನಾವರದಲ್ಲಿ ಶರಾವತಿ, ಕುಮಟಾ ಹತ್ರ ಅಘನಾಶಿನಿ ಸಮುದ್ರ ಸೇರುತ್ತವೆ. ಕಾರವಾರ ಕಡೆ ನೌಕಾನೆಲೆ ಇದೆ, ಆ ನೀರಿಗೆ ಹೋಗಂಗಿಲ್ಲ.

ಅಘನಾಶಿನಿಗೂ ನಮಗೂ ಒಂದು ನಂಟಿದೆ. 2024ರ ಜನವರಿ ಕೊನೆಗೆ ರಾಮ್ಸಾರ್ ಪಟ್ಟಿಗೆ ಸೇರಿದ ಜೌಗು ಪ್ರದೇಶಗಳಲ್ಲಿ ಅಘನಾಶಿನಿ ಅಳಿವೆ ಒಂದು, ನಮ್ಮ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಇನ್ನೊಂದು. ಅಂಕಸಮುದ್ರದ ಹಕ್ಕಿಗಳಿಗೆ ಯಾರಾದ್ರೂ ತೊಂದ್ರೆ ಕೊಟ್ರೆ ನಮಗೆ ಸಿಟ್ಟು ಬರುತ್ತಲ್ಲ, ಅಲ್ಲಿಯವರಿಗೂ ಹಂಗೇ. ಮೀನುಗಾರರ ಬಲೆ ದಾಟಬೇಡಿ. ಗಜನಿ ಗದ್ದೆಯೊಳಗೆ ಕಯಾಕ್ ನುಗ್ಗಿಸಬೇಡಿ.

ಕಯಾಕ್ ಬಾಡಿಗೆ ಕೊಡೋರು ಸುಮಾರು ಕಡೆ ಸುತ್ತಾಡೋಕೆ ಮಾತ್ರ ಕೊಡ್ತಾರೆ. ಗಾಳ ಹಾಕ್ಬಹುದಾ, ಜೊತೆಗೆ ಗೈಡ್ ಬರ್ತಾರಾ ಅಂತ ಫೋನಲ್ಲೇ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.

ಡೇಟ್ ಹೇಳೋದು ಕ್ಯಾಲೆಂಡರ್

ಅಂಗಡಿ ರಜೆ ನೋಡಿ ಡೇಟ್ ಹಾಕೋದು ನಮ್ಮ ರೂಢಿ. ಇಲ್ಲಿ ಮೊದಲು ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ ಇಳಿತ ಎರಡೂ ಜೋರು. ಅಷ್ಟಮಿ, ನವಮಿ ಹೊತ್ತಿಗೆ ಸೆಳೆತ ಕಡಿಮೆ. ಹೊಸಬರಿಗೆ ಅದೇ ಒಳ್ಳೇದು. ಅಂಗಡಿಯವರಿಗೂ ಅನುಕೂಲ, ಅಮಾವಾಸ್ಯೆ ಪೂಜೆ ತಪ್ಪಲ್ಲ.

ಆಮೇಲೆ ಗಂಟೆ ಲೆಕ್ಕ. ನೀರು ಆರು ಗಂಟೆ ಚಿಲ್ಲರೆ ಏರುತ್ತೆ, ಅಷ್ಟೇ ಹೊತ್ತು ಇಳಿಯುತ್ತೆ. ಮರುದಿನ ಸುಮಾರು 50 ನಿಮಿಷ ತಡ. ನೀರು ಏರುವಾಗ ಅದರ ಜೊತೆ ನದಿ ಒಳಕ್ಕೆ ಹೋಗಿ. ಏರಿ ನಿಂತಾಗ ವಾಪಸ್ ಹೊರಡಿ. ಇಳಿತ ಜೋರಾಗೋ ಮುಂಚೆ ದಡದಲ್ಲಿರಿ. ಇಳಿತದ ನೀರು ಸಮುದ್ರದ ಕಡೆ ಎಳೆಯುತ್ತೆ. ಬೆಳಗಿನ ಜಾವ ಗಾಳಿನೂ ನೆಲದಿಂದ ಸಮುದ್ರದ ಕಡೆಗೇ ಬೀಸುತ್ತೆ. ಎರಡೂ ಕೂಡಿದ್ರೆ ಎಷ್ಟು ಹುಟ್ಟು ಹಾಕಿದ್ರೂ ದಡ ಸಿಗಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಅಂಥಾ ಮಳೆಗಾಲದಲ್ಲಿ ಕಯಾಕ್ ಮಾತೇ ಎತ್ತಬೇಡಿ. ನವೆಂಬರ್‌ನಿಂದ ಜನವರಿ ಸರಿ. ಅದು ದಾಟಿದ್ರೆ ಮೈಲಾರ ಜಾತ್ರೆ, ಕೊಟ್ಟೂರು ತೇರು ಬರುತ್ತೆ, ವ್ಯಾಪಾರಸ್ಥರು ಯಾರೂ ಊರು ಬಿಡಲ್ಲ.

ರಸ್ತೆ

ಹಡಗಲಿ, ಹಗರಿಬೊಮ್ಮನಹಳ್ಳಿಯವರಿಗೆ ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಯವರಿಗೆ ಹರಿಹರ, ಹಾವೇರಿ, ಶಿರಸಿ, ಕುಮಟಾ. ಘಾಟಿ ರಸ್ತೆ ಓಪನ್ ಇದೆಯಾ ಅಂತ ಹಿಂದಿನ ದಿನ ಕೇಳ್ಕೊಳ್ಳಿ. ರಾತ್ರಿಯೆಲ್ಲಾ ಗಾಡಿ ಓಡಿಸಿದವರು ಬೆಳಗ್ಗೆ ನೀರಿಗೆ ಇಳಿಯಬಾರದು. ಒಂದು ದಿನ ಮುಂಚೆ ಹೋಗಿ ಮಲಗಿ.

ಗ್ರೂಪಿಗೆ ಐದು ನಿಯಮ

1. ಈಜು ಬಂದ್ರೂ ಬರದಿದ್ರೂ ಲೈಫ್ ಜಾಕೆಟ್ ಎಲ್ಲರಿಗೂ ಬೇಕು, ಬಕಲ್ ಹಾಕಿಯೇ ಇರಬೇಕು.
2. ಕಯಾಕ್ ಮಗುಚಿದ್ರೆ ಮತ್ತೆ ಹತ್ತೋದನ್ನ ಗೈಡ್ ಮುಂದೆ ಕಡಿಮೆ ನೀರಲ್ಲಿ ಮಾಡಿ ತೋರಿಸಿದವರೇ ಮುಂದಕ್ಕೆ.
3. ಇಬ್ಬಿಬ್ಬರು ಜೋಡಿ. ಆದ್ರೆ ಕೋಲು ಬೀಸುವಾಗ ದಾರ ಹಿಂದಕ್ಕೂ ಅಷ್ಟೇ ದೂರ ಹೋಗುತ್ತೆ, ಹತ್ರ ಬರಬೇಡಿ. ಕನ್ನಡಕ, ಟೋಪಿ ಇರಲಿ. ಕೊಕ್ಕೆಯ ಮುಳ್ಳನ್ನ ಇಕ್ಕಳದಲ್ಲಿ ಒತ್ತಿಬಿಡಿ, ಕಿವಿಗೆ ಚುಚ್ಚಿದ್ರೂ ಸಲೀಸಾಗಿ ಬರುತ್ತೆ.
4. ಎಣ್ಣೆ ಪಾರ್ಟಿ ಇದ್ರೆ ನೀರಿಂದ ಬಂದ ಮೇಲೆ. ಹಿಂದಿನ ರಾತ್ರಿನೂ ಬೇಡ.
5. ಒಬ್ಬರು ದಡದಲ್ಲೇ ಇರಲಿ. ವಾಪಸ್ ಬರೋ ಟೈಮ್ ಅವರ ಹತ್ರ ಬರೆದಿರಲಿ. ಆ ಟೈಮ್ ಮೀರಿದ್ರೆ ಕಾಯದೆ 112ಕ್ಕೆ ಇಲ್ಲಾ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಲಿ.

ಬಂದ ಮೇಲೆ ಕೋಲು, ರೀಲು ಎಲ್ಲಾ ಸಿಹಿನೀರಲ್ಲಿ ತೊಳೀರಿ, ಇಲ್ಲಾಂದ್ರೆ ಉಪ್ಪಿಗೆ ತುಕ್ಕು ಹಿಡಿಯುತ್ತೆ.

ಮೊದಲ ಟ್ರಿಪ್‌ನಲ್ಲಿ ಮೀನು ಬೀಳದೇ ಇರಬಹುದು. ಪರವಾಗಿಲ್ಲ, ಕುಮಟಾ ಮಾರ್ಕೆಟಲ್ಲಿ ಬಂಗುಡೆ ಸಿಗುತ್ತೆ. ಹೋದಷ್ಟೂ ಮಂದಿ ವಾಪಸ್ ಊರಿಗೆ ಬಂದ್ರೆ ಟ್ರಿಪ್ ಸಕ್ಸಸ್.